ಕ್ಲಚ್ ಇಲ್ಲದ ಟ್ರಾಕ್ಟರ್

ನಮ್ಮ ಮಾವ ನಲವತ್ತೊಂದು ವರ್ಷ ಗೇರ್ ಬಾಕ್ಸ್ ರಿಪೇರಿ ಮಾಡಿದವರು. ಲಾರಿ, ಬಸ್ಸು, ಟ್ರಾಕ್ಟರ್, ಒಂದು ಸಲ ಯಾರದೋ ದೋಣಿಯದೂ. ಅತ್ತೆ ಹೇಳುತ್ತಿದ್ದ ಪ್ರಕಾರ, ಮದುವೆಯಾದ ಮೂರನೇ ದಿನವೇ ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಅದರ ಮೇಲೆ ಒಂದು ಗೇರ್ ಬಾಕ್ಸ್ ಪೂರ್ತಿ ಬಿಚ್ಚಿ ಹರಡಿದ್ದರಂತೆ. "ನನ್ನ ಒಡವೆಗಿಂತ ಜೋಪಾನವಾಗಿ ಒರೆಸಿಟ್ಟಿದ್ರು ಆ ಹಲ್ಲುಚಕ್ರಾನ," ಅಂತ ಇವತ್ತಿಗೂ ಅವರ ಗೊಣಗಾಟ.

ಕೆಲಸದಿಂದ ನಿವೃತ್ತಿಯಾದ ಮೇಲೂ ಮನೆ ಹಿಂದಿನ ಶೆಡ್ಡಿನಲ್ಲಿ ಗೊತ್ತಿದ್ದವರ ಗಾಡಿ ಬಿಚ್ಚುತ್ತಿದ್ದರು. ಒಂದೆರಡು ವರ್ಷದಿಂದ ಕೈ ಸ್ವಲ್ಪ ನಡುಗುತ್ತಿತ್ತು, ಮರೆವೂ ಇಣುಕುತ್ತಿತ್ತು. ಆದರೆ ಸ್ಪ್ಯಾನರ್ ಹಿಡಿದರೆ ನಡುಕ ನಿಲ್ಲುತ್ತಿತ್ತು. ಅವರದೊಂದು ರೂಢಿಯಿತ್ತು. ಯಾವ ನಟ್ಟು ಬಿಗಿ ಮಾಡಿದರೂ ಕೊನೆಗೆ ಅದರ ಮೇಲಿಂದ ಪಕ್ಕದ ತಗಡಿಗೂ ದಾಟುವಂತೆ ಬಿಳಿ ಬಣ್ಣದ ಒಂದು ಗೀಟು ಎಳೆಯುತ್ತಿದ್ದರು. ನಟ್ಟು ತಾನಾಗಿ ತಿರುಗಿದರೆ ಗೀಟು ಮುರಿದು ಕಾಣುತ್ತದೆ, ಅದಕ್ಕೆ. ಗೀಟಿದ್ದರೆ ಅದು ಮಾವನ ಕೆಲಸ, ಮುಗಿದ ಕೆಲಸ.

ತೋಟ ನೋಡಿಕೊಳ್ಳುವುದು ನಾನು. ಮೂರು ಎಕರೆ ಕಿತ್ತಳೆ, ಅರ್ಧ ಎಕರೆ ನಿಂಬೆ, ಮೇಲಿನ ಸಾಲುಗಳೆಲ್ಲ ಇಳಿಜಾರಿನಲ್ಲಿ. ನಮ್ಮವರು ಬಸ್ ಡ್ರೈವರ್, ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಟರೆ ಸಂಜೆಯೇ ಮನೆ ಸೇರುವುದು. ಹಾಗಾಗಿ ಹುಲ್ಲು ಕತ್ತರಿಸುವುದು, ಔಷಧಿ ಹೊಡೆಯುವುದು, ಹಣ್ಣಿನ ಪೆಟ್ಟಿಗೆ ಸಾಗಿಸುವುದು ಎಲ್ಲಕ್ಕೂ ಟ್ರಾಕ್ಟರ್ ಓಡಿಸುವವಳು ನಾನೇ. ಕಲಿಸಿದ್ದು ಮಾವ. "ಕ್ಲಚ್ಚನ್ನ ಒದೀಬೇಡ ಮಗಳೇ, ಮಲಗಿರೋ ಮಗು ಪಕ್ಕದಿಂದ ಎದ್ದು ಬರ್ತೀವಲ್ಲ, ಹಾಗೆ ಬಿಡು," ಅಂತ ಹೇಳಿಕೊಟ್ಟಿದ್ದರು.

ಹೋದ ವರ್ಷ ಕೊಯ್ಲಿನ ಹೊತ್ತಿಗೆ ಕ್ಲಚ್ ಬಿಗಿಯಾಗಿದೆ ಅಂದೆ. ಮಾವ ಸಂಜೆ ಕೂತು ಸರಿಮಾಡಿ, ಮರುದಿನ ಬೆಳಿಗ್ಗೆ ತಮ್ಮನ ಮನೆಗೆ ಹೊರಟರು. ಆ ಮಧ್ಯಾಹ್ನ ನಾನು ಪೆಟ್ಟಿಗೆ ತುಂಬಿದ ಟ್ರೇಲರನ್ನು ರಿವರ್ಸಿನಲ್ಲಿ ಇಳಿಜಾರಿಗೆ ಇಳಿಸುತ್ತಿದ್ದೆ. ನಿಲ್ಲಿಸಬೇಕೆಂದು ಕ್ಲಚ್ ಒತ್ತಿದೆ. ಪೆಡಲ್ ಸಪ್ಪಗೆ ನೆಲಕ್ಕೆ ಹೋಯಿತು, ಎಂಜಿನ್ ಮಾತ್ರ ಟ್ರಾಕ್ಟರನ್ನು ಹಿಂದಕ್ಕೆ ತಳ್ಳುತ್ತಲೇ ಇತ್ತು. ಮತ್ತೆ ಒತ್ತಿದೆ, ಅದೇ ಕತೆ. ಬ್ರೇಕಿನ ನೆನಪು ಬರುವಷ್ಟರಲ್ಲಿ ಟ್ರೇಲರ್ ಅಡ್ಡ ತಿರುಗಿ ನನ್ನ ಮೈಮೇಲೆ ಬರುವಂತೆ ಕಂಡಿತು. ಹಾರಿಬಿಟ್ಟೆ. ಟ್ರೇಲರ್ ಒಂದು ಕಿತ್ತಳೆ ಮರಕ್ಕೆ ಬಡಿದು ಎಂಜಿನ್ ಆಫ್ ಆಯಿತು. ನನ್ನ ಎಡಗಾಲಿನ ಹರಡಿನ ಮೂಳೆ ಮುರಿದಿತ್ತು. ಬಿದ್ದಲ್ಲಿಂದಲೇ ಟ್ರಾಕ್ಟರಿನ ಅಡಿ ನೋಡಿದೆ: ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಸರಳು ಕಳಚಿಕೊಂಡು ನೇತಾಡುತ್ತಿತ್ತು. ಅದರ ನಟ್ಟನ್ನು ಮಾವ ಬೆರಳಲ್ಲಿ ತಿರುಗಿಸಿ ಹಾಗೇ ಬಿಟ್ಟಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ನಮ್ಮವರು ತಾವೇ ಸರಳು ಸೇರಿಸಿ ನಟ್ಟು ಬಿಗಿ ಮಾಡಿದರು. "ಅಪ್ಪನಿಗೆ ಹೇಳೋದು ಬೇಡ," ಅಂದರು. "ಹೇಳಿದ್ರೆ ಆ ಮನುಷ್ಯ ಇನ್ನು ಸ್ಪ್ಯಾನರ್ ಮುಟ್ಟಲ್ಲ. ಮುಟ್ಟದೆ ಇರೋದಕ್ಕೂ ಅವರಿಗೆ ಬರಲ್ಲ." ಅತ್ತೆಗೂ ಅದೇ ಸರಿ ಅನ್ನಿಸಿತು. ನಾನು ಹಣ್ಣು ಕೀಳುವಾಗ ಏಣಿಯಿಂದ ಬಿದ್ದೆ ಅಂತ ಮೂವರೂ ಒಂದೇ ಬಾಯಲ್ಲಿ ಹೇಳಿದೆವು. ಮಾವ ಮೂರು ತಿಂಗಳು ನನಗೆ ಕೂತಲ್ಲಿಗೇ ಕಾಫಿ ತಂದುಕೊಟ್ಟರು. ಏಣಿಗೆ ಬಾಯಿಗೆ ಬಂದಂತೆ ಬೈದರು.

ಈ ವರ್ಷ ಆ ಟ್ರಾಕ್ಟರಿನ ಎಂಜಿನ್ ಬ್ಲಾಕೇ ಬಿರುಕುಬಿಟ್ಟಿತು. ಮಾವನೇ ನೋಡಿ, "ಇದರ ಕಾಲ ಮುಗೀತು," ಅಂದರು. ಹೊಸದು ತೆಗೆದುಕೊಳ್ಳಬೇಕಾಯಿತು. ಸಾಲುಗಳ ನಡುವೆ ನುಸುಳುವಂಥ ಸಣ್ಣ ಟ್ರಾಕ್ಟರೇ ಆಗಬೇಕು, ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಬಂದದ್ದು ಅದರ ಹೊಟ್ಟೆಯೊಳಗೆ ಏನಿರಬೇಕು ಅನ್ನುವುದರಲ್ಲಿ.

"ಗೇರಿಂದೇ ತಗೊಳ್ಳೋಣ. ಕೆಟ್ರೆ ನಾನಿದ್ದೀನಿ," ಅಂದರು ಮಾವ.

"ಪೆಡಲಿಂದು ಅಂತ ಬಂದಿದೆಯಂತೆ ಮಾವ. ಕ್ಲಚ್ಚೇ ಇಲ್ಲ. ಎಲ್ಲ ಬಲಗಾಲಲ್ಲೇ."

"ಯಾಕೆ, ಎಡಗಾಲು ಏನು ತಪ್ಪು ಮಾಡ್ತು?"

ನಾನು ತಟ್ಟೆ ತೊಳೆಯುವ ನೆಪದಲ್ಲಿ ಎದ್ದುಹೋದೆ. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಪೆಡಲಿನದು ಯಾಕೆ ಬೇಕು ಅಂತ ಹೇಳಬೇಕಾದರೆ ಏಣಿಯ ಸುಳ್ಳಿಗೇ ಕೈ ಹಾಕಬೇಕಿತ್ತು. ಕಾಲು ವಾಸಿಯಾದ ಮೇಲೆ ಹಳೇ ಟ್ರಾಕ್ಟರನ್ನು ಮತ್ತೆ ಓಡಿಸಿದ್ದೆ ನಿಜ. ಆದರೆ ಇಳಿಜಾರು ಬಂದರೆ ಸಾಕು, ಏನಾದರೊಂದು ನೆಪ ಹೇಳಿ ಇಳಿದುಬಿಡುತ್ತಿದ್ದೆ. ಮೇಲಿನ ಸಾಲುಗಳ ಪೆಟ್ಟಿಗೆಗಳನ್ನು ಒಂದಿಡೀ ಹಂಗಾಮು ಕೈಗಾಡಿಯಲ್ಲಿ ತಳ್ಳಿದ್ದೆ.

ಮುಂದಿನ ವಾರ ಮಾವನೂ ನಾನೂ ಷೋರೂಮಿಗೆ ಹೋದೆವು. ಅಲ್ಲಿ ಟ್ರಾಕ್ಟರ್ ತೋರಿಸುವವಳು ಮೂವತ್ತರ ಆಸುಪಾಸಿನ ಹೆಂಗಸು. ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ಮಾವನಿಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಒಂದೇ ಬಣ್ಣದ ಮೂರು ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು. ಅವಳು ಒಂದೊಂದರ ಬಾನೆಟ್ ಮೇಲೂ ಅಂಗೈ ಇಟ್ಟು ಹೇಳಿದಳು. "ಇದು ಮಾಮೂಲಿ ಗೇರಿಂದು. ಕ್ಲಚ್ ಒತ್ತಬೇಕು, ಗೇರ್ ಬದಲಿಸಬೇಕು. ಇದರಲ್ಲೂ ಗೇರ್ ಇದೆ, ಆದ್ರೆ ಹಿಂದೆ ಮುಂದೆ ಹೋಗೋಕೆ ಸ್ಟೇರಿಂಗ್ ಪಕ್ಕ ಈ ಒಂದು ಲಿವರ್ ಸಾಕು. ಮೂರನೇದು ಹೈಡ್ರೋಸ್ಟಾಟಿಕ್. ಎಂಜಿನ್ ಪಂಪ್ ತಿರುಗಿಸುತ್ತೆ, ಪಂಪ್ ಎಣ್ಣೆ ತಳ್ಳುತ್ತೆ, ಎಣ್ಣೆ ಚಕ್ರ ಉರುಳಿಸುತ್ತೆ. ಪೆಡಲ್ ಒತ್ತಿದ್ರೆ ಹೋಗುತ್ತೆ, ಬಿಟ್ರೆ ನಿಧಾನ ಆಗಿ ನಿಲ್ಲುತ್ತೆ."

"ಎಣ್ಣೆ ಗಾಡಿ," ಅಂದರು ಮಾವ. "ಸರಿ, ಎಂಜಿನ್ ಶಕ್ತಿ ಎಣ್ಣೆ ಸುತ್ತಿಕೊಂಡು ಚಕ್ರಕ್ಕೆ ಹೋಗುತ್ತೆ ಅಂದ್ರೆ ದಾರೀಲಿ ಒಂದಿಷ್ಟು ಕೈ ತಪ್ಪಿಹೋಗುತ್ತೆ ಅಲ್ವೇನಮ್ಮ?"

"ಹೋಗುತ್ತೆ ಸಾರ್. ಬಿಸಿಯಾಗಿ ಹೋಗುತ್ತೆ."

"ನೇಗಿಲು ಕಟ್ಟಿ ದಿನವಿಡೀ ಎಳೆದ್ರೆ?"

"ಅದಕ್ಕೆ ಗೇರಿಂದೇ ಮೇಲು. ಡೀಸೆಲ್ಲೂ ಕಮ್ಮಿ ಕುಡಿಯುತ್ತೆ."

"ಆ ಪಂಪ್ ಕೆಟ್ರೆ ಶೆಡ್ಡಲ್ಲಿ ಬಿಚ್ಚಬಹುದಾ?"

"ಬಿಚ್ಚಬಾರದು ಸಾರ್. ಒಂದು ಧೂಳಿನ ಕಣ ಒಳಗೆ ಹೋದ್ರೂ ಕೆಟ್ಟೋಗುತ್ತೆ. ನಮ್ಮ ವರ್ಕ್‌ಶಾಪಿಗೇ ಬರಬೇಕು."

ಮಾವ ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. "ಕೇಳಿಸ್ಕೊಂಡೆಯಾ? ಪಾಪ, ಸತ್ಯ ಹೇಳೋ ಹುಡುಗಿ. ಹತ್ತು, ಗೇರಿಂದನ್ನ ಒಂದು ರೌಂಡ್ ಓಡಿಸಿ ನೋಡು."

ಷೋರೂಮಿನ ಹಿಂದೆ, ಓಡಿಸಿ ನೋಡುವುದಕ್ಕೆಂದೇ ಮಣ್ಣಿನ ದಿಬ್ಬ ಮಾಡಿದ್ದರು. ಮೊದಲ ಗೇರಿನಲ್ಲಿ ಏರಿದೆ. ಏರುವುದು ಸಲೀಸಾಯಿತು. "ಈಗ ರಿವರ್ಸಲ್ಲಿ ಇಳಿಸು," ಅಂತ ಮಾವ ಕೆಳಗಿನಿಂದ ಕೂಗಿದರು. ರಿವರ್ಸಿಗೆ ಹಾಕಿದೆ. ಟ್ರಾಕ್ಟರ್ ಹಿಂದಕ್ಕೆ ಉರುಳತೊಡಗಿತು. ಅರ್ಧ ದಾರಿಯಲ್ಲಿ ನಿಲ್ಲಿಸೋಣವೆಂದು ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟರೆ, ಅದು ಒತ್ತಲೊಲ್ಲದು. ಮರಗಟ್ಟಿಹೋದ ಹಾಗೆ ಅಲ್ಲೇ ನಿಂತಿತು. ಒತ್ತಿದರೆ ಪೆಡಲ್ ಸಪ್ಪಗೆ ನೆಲಕ್ಕೆ ಹೋಗಿಬಿಡುತ್ತದೆ ಅನ್ನಿಸಿತು. ಎರಡೂ ಕೈಯಲ್ಲಿ ಸ್ಟೇರಿಂಗ್ ಅವುಚಿಕೊಂಡು ಬಲಗಾಲಲ್ಲಿ ಬ್ರೇಕನ್ನು ಮೆಟ್ಟಿದೆ. ಎಂಜಿನ್ ಗಕ್ಕೆಂದು ಆಫ್ ಆಯಿತು.

ಷೋರೂಮಿನವಳು ಓಡಿಬಂದಳು. ಮಾವ ಓಡಲಿಲ್ಲ. ನಿಂತಲ್ಲೇ ನಿಂತು ನನ್ನ ಎಡಗಾಲನ್ನೇ ನೋಡುತ್ತಿದ್ದರು. ಒಂದು ಯಂತ್ರದ ಸದ್ದು ಕೇಳುವಾಗ ಅವರ ಮುಖ ಹೇಗಿರುತ್ತದೋ ಹಾಗಿತ್ತು.

ವಾಪಸ್ ಬಸ್ಸಿನಲ್ಲಿ ಮಾವ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಆ ಏಣಿಗೆ ಎಷ್ಟು ಮೆಟ್ಟಿಲು?"

"ಯಾವ ಏಣಿ ಮಾವ?"

"ನೀನು ಬಿದ್ದದ್ದು."

"ಹನ್ನೊಂದಿರಬೇಕು."

"ಎಂಟು," ಅಂದರು. "ಮೊನ್ನೆ ತಾನೇ ಅದರ ತುದಿ ಹತ್ತಿ, ಒಂದು ಕೈಲಿ ಕೊಂಬೆ ಹಿಡ್ಕೊಂಡು ಹಣ್ಣು ಕಿತ್ತೆ ನೀನು. ಏಣಿಯಿಂದ ಬಿದ್ದವಳು ಏಣಿಗೆ ಹೆದರಬೇಕಿತ್ತಲ್ಲ, ಕ್ಲಚ್ಚಿಗೆ ಯಾಕೆ ಹೆದರ್ತೀಯಾ?"

ನಾನು ಟಿಕೆಟ್ಟನ್ನು ಬೆರಳಲ್ಲಿ ಸುರುಳಿ ಸುತ್ತುತ್ತಾ ಕೂತೆ. ಅವರು ಮತ್ತೆ ಕೇಳಲಿಲ್ಲ.

ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ನೇರ ಶೆಡ್ಡಿಗೆ ಹೋದರು. ನಾನು ಹಿಂದೆಯೇ ಹೋದೆ. ಹಳೇ ಟ್ರಾಕ್ಟರ್ ಮೂಲೆಯಲ್ಲಿ ನಿಂತಿತ್ತು. ಮಾವ ಗೋಣಿಚೀಲ ಹಾಸಿ, ಮೊಣಕೈ ಊರಿಕೊಂಡು ಅದರಡಿ ನುಸುಳಿದರು. ಟಾರ್ಚ್ ಹಚ್ಚಿದ್ದು ಕಂಡಿತು. ಒಳಗಿನಿಂದ ಮಾತು ಬಂತು.

"ಕ್ಲಚ್ಚಿನ ಸರಳಿನ ನಟ್ಟಿಗೆ ಗೀಟಿಲ್ಲ."

ಟಾರ್ಚಿನ ಬೆಳಕು ಅಲ್ಲೇ ಸುತ್ತಾಡಿತು.

"ಬಿಗಿಯಾಗೇನೋ ಇದೆ. ಆದ್ರೆ ಇದು ನನ್ನ ಬಿಗಿತ ಅಲ್ಲ. ಮೂಲೆಯೆಲ್ಲ ಸವೆದುಹೋಗೋ ಹಾಗೆ ಯಾರೋ ಸಿಟ್ಟಲ್ಲಿ ತಿರುಗಿಸಿದ್ದಾರೆ. ಇದು ಬಸ್ ಡ್ರೈವರ್ ಬಿಗಿತ."

ಆಗ ನಾನು ಆ ಗೋಣಿಯ ಅಂಚಿನಲ್ಲಿ ಕೂತು ಎಲ್ಲ ಹೇಳಿದೆ. ಟ್ರಾಕ್ಟರಿನ ಅಡಿಯಿಂದ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. ನಾನು ಮುಗಿಸುವವರೆಗೂ ಅವು ಅಲುಗಲಿಲ್ಲ.

ಹೊರಗೆ ಬಂದವರು ಕೈ ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಅಳುತ್ತಾರೇನೋ ಅಂದುಕೊಂಡೆ. ಆದರೆ ಸಿಟ್ಟು ಬಂದಿತ್ತು. ನನ್ನ ಮೇಲೆ ಅವರು ಸಿಟ್ಟಾದದ್ದನ್ನು ಕಂಡದ್ದು ಅದೇ ಮೊದಲು.

"ಯಾಕೆ ಹೇಳಲಿಲ್ಲ?"

"ನಿಮಗೆ ನೋವಾಗುತ್ತೆ ಅಂತ ಮಾವ."

"ನೋವಾಗಲಿ! ನನ್ನ ತಪ್ಪನ್ನ ನನ್ನಿಂದಲೇ ಬಚ್ಚಿಟ್ರೆ ಹೇಗೆ? ನಿನ್ನ ಕಾಲು ಮುರಿದ ಮೇಲೆ ನಾನು ಎಷ್ಟು ಗಾಡಿ ಬಿಚ್ಚಿದ್ದೀನಿ ಗೊತ್ತಾ? ಏಳು. ಏಳು ಮನೆಯವರು ನನ್ನ ಕೈ ನಂಬ್ಕೊಂಡು ದಿನಾ ಓಡಾಡ್ತಿದ್ದಾರೆ."

ಇದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಾವನ ಮನಸ್ಸು ಕಾಪಾಡುವ ಭರದಲ್ಲಿ ಬೇರೆಯವರ ಜೀವದ ಯೋಚನೆಯೇ ನಮಗೆ ಬಂದಿರಲಿಲ್ಲ. ಸಂಜೆ ನಮ್ಮವರು ಮನೆಗೆ ಬಂದಾಗ ಮಾವ ಅವರಿಗೂ ಇದನ್ನೇ ಹೇಳಿದರು, ದನಿ ಏರಿಸದೆ. ಇವರು ತಲೆ ತಗ್ಗಿಸಿ ನಿಂತರು. ಅತ್ತೆ ಏನೋ ಸಮಾಧಾನ ಹೇಳಹೋದರು. "ನೀನೂ ಸೇರ್ಕೊಂಡಿದ್ದೆ ಅಲ್ವಾ?" ಅಂದರು ಮಾವ. ಅತ್ತೆ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮಾವ ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿ ಹೊರಟರು. ನಾನೂ ಜೊತೆಗೆ ಹೊರಟೆ. ಬೇಡ ಅನ್ನಲಿಲ್ಲ. ಪ್ರತಿ ಮನೆಯಲ್ಲೂ ಒಂದೇ ಮಾತು: "ನಾನು ಮಾಡಿದ ಕೆಲಸ ಇನ್ನೊಂದು ಸಲ ನೋಡಬೇಕು." ಕೆಲವರು ನಕ್ಕರು, ಕೆಲವರು ಕುರ್ಚಿ ತಂದಿಟ್ಟರು. ಮಾವ ಅಡಿಗೆ ನುಸುಳಿ ಒಂದೊಂದು ನಟ್ಟನ್ನೂ ಹೇಳುತ್ತಾ ಹೋಗುವರು, ನಾನು ಟಾರ್ಚ್ ಹಿಡಿದು ಗೀಟು ಇದೆಯೇ ನೋಡುವುದು. ಟೈಲರನ ಸ್ಕೂಟರ್ ಸರಿಯಿತ್ತು. ಹಾಲಿನವನ ಟೆಂಪೋ ಸರಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಐದು ಮುಗಿದು ಐದೂ ಸರಿಯಿದ್ದವು. ನನಗೆ ಉಸಿರು ಬಂತು.

ಆರನೆಯದು ಬೇಕರಿಯವಳ ವ್ಯಾನು. ದಿನಾ ಬೆಳಿಗ್ಗೆ ಮೂವತ್ತು ಅಂಗಡಿಗೆ ಬ್ರೆಡ್ ಹಾಕುವ ಗಾಡಿ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟಿಗೆ ನಾಲ್ಕು ಬೋಲ್ಟು. ಮೂರಕ್ಕೆ ಗೀಟಿತ್ತು. ನಾಲ್ಕನೆಯದಕ್ಕೆ ಇರಲಿಲ್ಲ. ಮಾವ ಎರಡು ಬೆರಳಲ್ಲಿ ಅದನ್ನು ಮುಟ್ಟಿದರು. ಅದು ತಿರುಗಿತು.

ಮಾವ ನಾಲ್ಕನ್ನೂ ಬಿಗಿ ಮಾಡಿ, ಎದ್ದುಬಂದು, ಹಿಟ್ಟಿನ ಕೈಯಲ್ಲೇ ನಿಂತಿದ್ದ ಬೇಕರಿಯವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಒಂದು ಬೋಲ್ಟ್ ಬಿಗಿ ಮಾಡೋದು ಮರೆತಿದ್ದೆ ಕಣಮ್ಮ. ಇನ್ನೊಂದು ತಿಂಗಳು ಹೀಗೇ ಓಡಿದ್ರೆ ಶಾಫ್ಟ್ ಕಳಚಿ ಬೀಳ್ತಿತ್ತು. ಈಗ ಸರಿಮಾಡಿದ್ದೀನಿ. ಆದ್ರೂ ನಾಳೆ ಬೇರೆ ಯಾರಿಗಾದ್ರೂ ತೋರಿಸು."

ಅವಳು ವ್ಯಾನನ್ನು ನೋಡಿದಳು, ಮಾವನನ್ನು ನೋಡಿದಳು. ಕೋಪ ಬಂದಿತ್ತು, ಮುಖದಲ್ಲೇ ಕಾಣುತ್ತಿತ್ತು. "ಭಾನುವಾರ ಇದರಲ್ಲೇ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ," ಅಂದಳು. ಮಾವ ತಪ್ಪಾಯಿತು ಅಂತ ಒಂದೇ ಮಾತಂದು, ಅವಳು ಒಳಗೆ ಹೋಗುವವರೆಗೂ ನಿಂತಿದ್ದರು. ಏಳನೇ ಮನೆಗೂ ಹೋದೆವು. ಅದು ಸರಿಯಿತ್ತು.

ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತಾಗ ಮಾವ ತಮ್ಮ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು. "ಇನ್ನು ಬೇರೆಯವರ ಗಾಡಿ ಬಿಚ್ಚಲ್ಲ ಮಗಳೇ," ಅಂದರು. ಬಿಗುಮಾನದ ಮಾತಲ್ಲ, ಸೋತ ದನಿಯೂ ಅಲ್ಲ. ಲೆಕ್ಕ ಕೂಡಿ ಬಂದ ಉತ್ತರ ಹೇಳಿದ ಹಾಗಿತ್ತು. "ನನ್ನ ಹತ್ತಿರ ಕೆಲಸ ಕಲಿತವನೊಬ್ಬ ವರ್ಕ್‌ಶಾಪ್ ಇಟ್ಟಿದ್ದಾನೆ. ವಾರಕ್ಕೆರಡು ದಿನ ಹೋಗಿ ಕೂತ್ಕೋತೀನಿ. ನಾನು ಹೇಳ್ತೀನಿ, ಅವನು ಮಾಡಲಿ."

ಹೀಗಾಗಬಾರದು ಅಂತಲೇ ಅಲ್ಲವೇ ಸುಳ್ಳು ಹೇಳಿದ್ದು? ಆದರೆ ಅವರೇ ಯೋಚಿಸಿ ತಾವಾಗಿ ಬಿಟ್ಟದ್ದಕ್ಕೂ, ಅವರಿಗೆ ಗೊತ್ತಾಗದ ಹಾಗೆ ನಾವು ಬಚ್ಚಿಟ್ಟು ನಡೆಸಿಕೊಂಡದ್ದಕ್ಕೂ ಇದ್ದ ವ್ಯತ್ಯಾಸ ಆ ಕಟ್ಟೆಯ ಮೇಲೆ ನನಗೆ ಅರ್ಥವಾಯಿತು. ನಾವು ಅವರನ್ನು ಮಗುವಿನಂತೆ ನೋಡಿದ್ದೆವು. ಅವರು ದೊಡ್ಡವರಂತೆ ನಡೆದುಕೊಂಡರು.

"ಈಗ ಟ್ರಾಕ್ಟರ್ ಮಾತಾಡೋಣ," ಅಂದರು ಮಾವ, ಎರಡು ದಿನ ಕಳೆದ ಮೇಲೆ. ಒಂದು ಹಾಳೆ, ಪೆನ್ಸಿಲ್ ತಂದು ಮೇಜಿನ ಮೇಲಿಟ್ಟರು. "ನಾನಿದ್ದೀನಿ ಅನ್ನೋದನ್ನೂ ತೆಗೆದಿಡು, ನಿನ್ನ ಭಯಾನೂ ತೆಗೆದಿಡು. ತೋಟಕ್ಕೇನು ಬೇಕು ಹೇಳು."

ವರ್ಷದಲ್ಲಿ ಯಾವ ಕೆಲಸಕ್ಕೆ ಎಷ್ಟು ದಿನ ಅಂತ ಬರೆದೆವು. ಮರಗಳ ನಡುವೆ ಹುಲ್ಲು ಕತ್ತರಿಸುವುದು, ಪ್ರತಿ ಮರದ ಹತ್ತಿರ ಹಿಂದೆ ಮುಂದೆ. ಮುಂದಿನ ಬಕೆಟ್ಟಿನಲ್ಲಿ ಗೊಬ್ಬರ ಎತ್ತಿ ಸುರಿಯುವುದು, ಅದೂ ಹಿಂದೆ ಮುಂದೆ. ಔಷಧಿ ಹೊಡೆಯುವುದು, ಆಮೆಯ ನಡಿಗೆಯಲ್ಲಿ. ಪೆಟ್ಟಿಗೆ ಸಾಗಿಸುವುದು, ನೂರು ಸಲ ನಿಲ್ಲಿಸಿ ನೂರು ಸಲ ಹೊರಡುವುದು. ನೇಗಿಲಿನ ಕೆಲಸ ವರ್ಷಕ್ಕೆ ಒಂದೂವರೆ ದಿನ.

ಮಾವ ಹಾಳೆಯನ್ನು ದೂರ ಹಿಡಿದು ಓದಿದರು. "ಒಂದೂವರೆ ದಿನದ ನೇಗಿಲಿಗೋಸ್ಕರ ವರ್ಷಪೂರ್ತಿ ಕ್ಲಚ್ ತುಳಿಸ್ತಿದ್ದೆನಲ್ಲ ನಿನ್ನ ಕೈಲಿ," ಅಂದರು. "ನೇಗಿಲಿಗೆ ಪಕ್ಕದ ತೋಟದವರನ್ನ ಕರೆದ್ರಾಯ್ತು. ಎಣ್ಣೆ ಗಾಡೀನೇ ಸರಿ."

"ಸರಿ ಮಾವ. ಆದ್ರೆ ಅದಕ್ಕೆ ಮುಂಚೆ ನಾನು ಗೇರಿಂದನ್ನ ಇನ್ನೊಂದು ಸಲ ಓಡಿಸ್ತೀನಿ."

"ಯಾಕೆ? ಬೇಡ ಅಂತ ಆಯ್ತಲ್ಲ."

"ಬೇಡ ಅಂತ ಬಿಡೋದು ಬೇರೆ, ಹೆದರಿ ಬಿಡೋದು ಬೇರೆ ಅಲ್ವಾ."

ಅವರು ಹೂಂ ಅಂತ ತಲೆಯಾಡಿಸಿದರು.

ಷೋರೂಮಿನವಳಿಗೆ ನಮ್ಮನ್ನು ಕಂಡು ಸ್ವಲ್ಪ ಗಾಬರಿಯೇ ಆಯಿತು. ನಾನು ಗೇರಿನ ಟ್ರಾಕ್ಟರ್ ಹತ್ತುವ ಮುಂಚೆ ಬಗ್ಗಿ, ಕ್ಲಚ್ಚಿನ ಸರಳು, ಅದರ ನಟ್ಟು ನೋಡಿಕೊಂಡೆ. ಯಾರೂ ನಗಲಿಲ್ಲ. ದಿಬ್ಬ ಏರಿದೆ. ರಿವರ್ಸಿನಲ್ಲಿ ಇಳಿಯುವಾಗ ಎಡಗಾಲು ಮತ್ತೆ ಮುಷ್ಕರ ಹೂಡಿತು. "ಹೋಗಮ್ಮ ತಾಯಿ," ಅಂತ ಅದಕ್ಕೇ ಗದರಿದೆ. ಒತ್ತಿದೆ. ಪೆಡಲ್ ತಕ್ಕಷ್ಟು ಎದುರು ಒತ್ತಿತು, ಬಲಗಾಲು ಬ್ರೇಕ್ ಹಾಕಿತು, ಟ್ರಾಕ್ಟರ್ ನಿಂತಿತು. ಎರಡನೇ ಸಲ ಮೊದಲಿಗಿಂತ ಹಗುರಾಯಿತು. ಮೂರನೇ ಸಲ ಇಳಿಜಾರಿನ ನಡುಮಧ್ಯೆ ಬೇಕೆಂದೇ ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಹೊರಟೆ. ಕಾಲು ನಾನು ಹೇಳಿದ ಮಾತನ್ನು ಕೇಳಿತ್ತು. ಆಮೇಲೆ ಪೆಡಲಿನದಕ್ಕೆ ಆರ್ಡರ್ ಕೊಟ್ಟೆವು.

ಟ್ರಾಕ್ಟರ್ ಮನೆಗೆ ಬಂದ ದಿನ ಮೊದಲು ಹತ್ತಿದವರು ಮಾವ. ಹೊರಟದ್ದೇನೋ ಚೆನ್ನಾಗಿಯೇ ಹೊರಟರು. ಗೇಟಿನ ಹತ್ತಿರ ನಿಲ್ಲಿಸಬೇಕಾದಾಗ ಎಡಗಾಲು ಎದ್ದು, ಏನೂ ಇಲ್ಲದ ಬರೀ ತಗಡನ್ನು ಧಡ್ ಎಂದು ಮೆಟ್ಟಿತು. ಬಲಗಾಲು ಬಿಡುವುದನ್ನು ಮರೆತಿದ್ದರು. ಗೇಟಿನ ಕಂಬಕ್ಕೆ ಗೇಣು ದೂರದಲ್ಲಿ ನೆನಪಾಯಿತು. "ಕಾಲು ಬಿಡಿ, ಕಾಲು ಬಿಡಿ!" ಅಂತ ನಾನೂ ಇವರೂ ಒಟ್ಟಿಗೆ ಕಿರುಚಿದೆವು. ಇಳಿದು ಬಂದ ಮಾವ, "ಇಷ್ಟು ವರ್ಷದ ಎಡಗಾಲು, ಕೆಲಸ ಹೋಯ್ತು ಅಂತ ಅದಕ್ಕಿನ್ನೂ ಯಾರೂ ಹೇಳಿಲ್ಲ," ಅಂದರು. ಬಹಳ ದಿನದ ಮೇಲೆ ಅವರು ಹೊಟ್ಟೆ ತುಂಬ ನಕ್ಕದ್ದು ಕಂಡೆ.

ಮೇಲಿನ ಸಾಲುಗಳಿಗೆ ಈಗ ನಾನು ಟ್ರೇಲರ್ ಒಯ್ಯುತ್ತೇನೆ. ಪೆಡಲ್ ಬಿಟ್ಟರೂ ಇಳಿಜಾರಿನಲ್ಲಿ ಮೆಲ್ಲಗೆ ಜಾರುವ ಸ್ವಭಾವ ಇದಕ್ಕಿದೆ, ಬ್ರೇಕ್ ಹಾಕಲೇಬೇಕು. ಇದು ಮೊದಲ ವಾರದಲ್ಲೇ ಗೊತ್ತಾಯಿತು. ಬಿಸಿಲೇರಿದಾಗ ಭಾರ ಹೊತ್ತು ಏರುವಾಗ ಸ್ವಲ್ಪ ಮುಲುಕುತ್ತದೆ. ಆಗೆಲ್ಲ ಮಾವನ ಗೇರಿನದ್ದೇ ಚೆನ್ನಾಗಿತ್ತೇನೋ ಅಂತ ಒಂದು ಗಳಿಗೆ ಅನ್ನಿಸುವುದೂ ಉಂಟು. ಕೆಳಗೆ ಬಂದು ನಲವತ್ತು ಪೆಟ್ಟಿಗೆ ಇಳಿಸುವಷ್ಟರಲ್ಲಿ ಆ ಯೋಚನೆ ಹೋಗಿರುತ್ತದೆ.

ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಅತ್ತೆಗೆ. ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಬಂದು, "ಕ್ಲಚ್ಚೇ ಇಲ್ಲ ಅಂದ್ಮೇಲೆ ನಾನೂ ಓಡಿಸಬಹುದಲ್ವೇನೇ?" ಅಂದರು. ನಾನು ನಗೆಮಾತು ಅಂದುಕೊಂಡೆ. ಅವರು ಆಗಲೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು. ಪಕ್ಕದಲ್ಲಿ ನಿಂತು ಬ್ರೇಕ್ ಯಾವುದು, ಪೆಡಲ್ ಯಾವುದು ತೋರಿಸಿದೆ. ಅರವತ್ತಾರು ವರ್ಷದ ಹೆಂಗಸು ಸ್ಟೇರಿಂಗನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ನಾಲಿಗೆ ಕಚ್ಚಿಕೊಂಡು, ನಿಂಬೆ ಸಾಲಿನ ನಡುವೆ ಇರುವೆಯ ವೇಗದಲ್ಲಿ ಹೊರಟರು. ಮಾವ ಮುಂದೆ ಹಿಮ್ಮುಖವಾಗಿ ನಡೆಯುತ್ತಾ, ಎರಡು ಕೈಯಾಡಿಸುತ್ತಾ, "ಎಡಕ್ಕೆ, ಎಡಕ್ಕೆ! ಅದು ಬಲ ಕಣೇ!" ಅಂತ ಕೂಗುತ್ತಿದ್ದರು.

"ನೀವು ಸ್ವಲ್ಪ ಪಕ್ಕಕ್ಕೆ ಹೋಗಿ," ಅಂದರು ಅತ್ತೆ ಮೇಲಿನಿಂದ. "ನಿಮ್ಮ ಗದ್ದಲದಲ್ಲಿ ನನಗೆ ಎಂಜಿನ್ ಸದ್ದೇ ಕೇಳಿಸ್ತಿಲ್ಲ."

ಮಾವ ಪಕ್ಕಕ್ಕೆ ಸರಿದು ನಿಂತು ಅವರಿಗೆ ದಾರಿ ಬಿಟ್ಟರು.